ಪಾಕೆಟ್ ವೈಫೈ ಕೊಳ್ಳಲೇ? ಸಾಫ್ಟ್‌ವೇರ್ ಬಾಡಿಗೆಗೆ ತೆಗೆದುಕೊಳ್ಳಲೇ?

ಪ್ರಶ್ನೆ: ಸರ್, ನಮ್ಮದು ಮೂಡಿಗೆರೆ ತಾಲ್ಲೂಕು, ಕೊಟ್ಟಿಗೆಹಾರದ ಕಡೆ ಒಂದು ಸಣ್ಣ ಕಾಫಿ, ಮೆಣಸಿನ ತೋಟ. ಜೊತೆಗೆ ಎರಡು ರೂಮಿನ ಹೋಂಸ್ಟೇ. ಆಳುಗಳ ಚೆಕ್‌ರೋಲು (ಹಾಜರಿ ಪಟ್ಟಿ), ಬಟವಾಡೆ, ಹೋಂಸ್ಟೇ ಬಿಲ್ಲು ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಹಳೇ ಕಂಪ್ಯೂಟರು, ವಿಂಡೋಸ್ 10, ಮೈಕ್ರೋಸಾಫ್ಟ್ ಆಫೀಸ್ 2016. ಫೋನಿನ ಹಾಟ್‌ಸ್ಪಾಟ್‌ನಲ್ಲೇ ಕೆಲಸ ನಡೆಯುತ್ತದೆ, ಆದರೆ ಯಾರಾದರೂ ಕರೆ ಮಾಡಿದರೆ ನೆಟ್ ನಿಂತುಬಿಡುತ್ತದೆ. ಪಾಕೆಟ್ ವೈಫೈ ತಗೊಳ್ಳಿ, ಸಿಗ್ನಲ್ ಜೋರಾಗಿ ಹಿಡಿಯುತ್ತದೆ ಎಂದು ಚಿಕ್ಕಮಗಳೂರಿನ ಅಂಗಡಿಯವರು ಹೇಳಿದರು. ಇನ್ನೊಬ್ಬರು ಬೂಸ್ಟರ್ ಹಾಕಿಸಿ ಅಂದರು. ಆಡಿಟರ್ ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರನ್ನು ತಿಂಗಳ ಬಾಡಿಗೆಗೆ ತಗೊಳ್ಳಿ ಅನ್ನುತ್ತಾರೆ. ಅಣ್ಣನ ಮಗ ಆಫೀಸಿಗೆ ವರ್ಷದ ಚಂದಾ ಕಟ್ಟು ಅನ್ನುತ್ತಾನೆ. ಆನ್‌ಲೈನಿನಲ್ಲಿ ಐನೂರು ರೂಪಾಯಿಗೆ ಜೀವಮಾನಪೂರ್ತಿ ಆಫೀಸ್ ಅಂತಲೂ ಬರುತ್ತದೆ. ಮಳೆಗಾಲದಲ್ಲಿ ನಮಗೆ ಕೆಲವೊಮ್ಮೆ ವಾರಗಟ್ಟಲೆ ನೆಟ್ ಇರುವುದಿಲ್ಲ. ಆಗ ಬಾಡಿಗೆ ಸಾಫ್ಟ್‌ವೇರ್ ನಿಂತುಹೋದರೆ ನನ್ನ ಲೆಕ್ಕವೆಲ್ಲ ಏನಾಗುತ್ತದೆ?

ಉತ್ತರ: ನೀವು ಕೇಳಿರುವುದು ಎರಡು ಪ್ರಶ್ನೆಯಂತೆ ಕಂಡರೂ ಆತಂಕ ಒಂದೇ. ನೆಟ್ ಹೋದ ದಿನ, ಇಲ್ಲವೇ ದುಡ್ಡು ಕಟ್ಟುವುದು ತಪ್ಪಿದ ದಿನ, ಕೈಯಲ್ಲಿ ಏನು ಉಳಿಯುತ್ತದೆ ಎಂಬುದು. ಚಿಕ್ಕಮಗಳೂರು, ಸಕಲೇಶಪುರದ ತೋಟಗಳಿಗೆ ನೆಟ್‌ವರ್ಕ್ ಹಾಕಿಕೊಡುವ ಕೆಲಸದಲ್ಲಿ ನಾನೂ ಪ್ರತಿ ಖರೀದಿಗೂ ಮೊದಲು ಇದನ್ನೇ ಕೇಳುತ್ತೇನೆ. ಬೆಂಗಳೂರಿನ ಮನೆಗೆ ಸರಿಯಾದ ಸಲಹೆ ಚಾರ್ಮಾಡಿಯ ನೆತ್ತಿಯ ಮೇಲಿರುವ ಮನೆಗೆ ಸರಿಹೋಗಬೇಕೆಂದಿಲ್ಲ.

ಮೊದಲು ಪಾಕೆಟ್ ವೈಫೈ ವಿಷಯ. ಅದು ಸಿಗ್ನಲ್ಲನ್ನು ಜೋರಾಗಿ ಹಿಡಿಯುತ್ತದೆ ಎಂಬುದು ನಿಜವಲ್ಲ. ಅದರೊಳಗೂ ಒಂದು ಸಿಮ್ಮು, ಒಂದು ಮೋಡೆಮ್, ಒಂದು ಬ್ಯಾಟರಿ ಇರುವುದಷ್ಟೆ. ನಿಮ್ಮ ಫೋನು ಮಾತಾಡುವ ಟವರಿನ ಜೊತೆಯೇ ಅದೂ ಮಾತಾಡಬೇಕು. ಕೆರೆ ಒಂದೇ ಇರುವಾಗ ಕೊಡ ಬದಲಿಸಿದರೆ ನೀರು ಹೆಚ್ಚುವುದಿಲ್ಲ. ಎಷ್ಟೋ ಸಲ ಎರಡು ಮೂರು ಸಾವಿರದ ಪಾಕೆಟ್ ಸಾಧನಕ್ಕಿಂತ ಈಚಿನ ಒಳ್ಳೆಯ ಫೋನೇ ಹೆಚ್ಚು ಬ್ಯಾಂಡುಗಳನ್ನು (ಟವರುಗಳು ಬಳಸುವ ತರಂಗಾಂತರದ ಪಟ್ಟಿಗಳನ್ನು) ಹಿಡಿಯುತ್ತದೆ.

ಹಾಗಾದರೆ ಅದರಿಂದ ಪ್ರಯೋಜನವೇ ಇಲ್ಲವೇ? ಇದೆ, ಅದನ್ನು ಇಡುವ ಜಾಗದಲ್ಲಿದೆ. ಫೋನು ನಿಮ್ಮ ಜೊತೆ ಅಡುಗೆಮನೆಗೆ, ಕಣಕ್ಕೆ, ಲೈನ್ ಮನೆಗೆ ಓಡಾಡುತ್ತದೆ. ಪಾಕೆಟ್ ಸಾಧನವನ್ನು ಮನೆಯಲ್ಲಿ ಸಿಗ್ನಲ್ ಚೆನ್ನಾಗಿರುವ ಒಂದೇ ಒಂದು ಕಿಟಕಿಯ ಹತ್ತಿರ ಇಟ್ಟುಹೋಗಬಹುದು. ಅಲ್ಲಿಂದ ವೈಫೈ ಮನೆಯೊಳಗೆ ಬರುತ್ತದೆ. ನೀವು ಹೊರಗೆ ಹೋದರೂ ಕಂಪ್ಯೂಟರಿಗೆ ನೆಟ್ ಇರುತ್ತದೆ.

ಕರೆ ಬಂದಾಗ ನೆಟ್ ನಿಲ್ಲುತ್ತದೆ ಎಂದಿದ್ದೀರಿ. ಇದಕ್ಕೆ ಹೊಸ ಸಾಧನ ಬೇಕಾಗದೇ ಇರಬಹುದು. ಫೋನಿನಲ್ಲಿ ವೋಲ್ಟಿ, ಅಂದರೆ ಕರೆಯನ್ನೂ 4ಜಿಯಲ್ಲೇ ಸಾಗಿಸುವ ವ್ಯವಸ್ಥೆ, ಆಫ್ ಆಗಿದ್ದರೆ ಕರೆ ಬಂದ ಕೂಡಲೇ ಅದು 4ಜಿ ಬಿಟ್ಟು 2ಜಿಗೆ ಇಳಿಯುತ್ತದೆ, ಡೇಟಾ ನಿಲ್ಲುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ವಿಭಾಗಕ್ಕೆ ಹೋಗಿ 4ಜಿ ಕಾಲಿಂಗ್ ಅಥವಾ ವೋಲ್ಟಿ ಆನ್ ಮಾಡಿ, ಒಂದು ವಾರ ನೋಡಿ. ಎರಡು ಸಿಮ್ ಇರುವ ಫೋನಾಗಿ, ಕರೆ ಇನ್ನೊಂದು ಸಿಮ್ಮಿಗೆ ಬರುತ್ತಿದ್ದರೆ ಆಗಲೂ ಡೇಟಾ ನಿಲ್ಲುವುದುಂಟು. ದುಡ್ಡು ಖರ್ಚು ಮಾಡುವ ಮೊದಲು ಇದನ್ನು ಪರೀಕ್ಷಿಸಲೇಬೇಕು.

ಎರಡನೆಯದು ಅಳತೆ. ದಯವಿಟ್ಟು ಕಡ್ಡಿಗಳನ್ನು ನಂಬಬೇಡಿ. ಎಷ್ಟು ಸಿಗ್ನಲಿಗೆ ಎಷ್ಟು ಕಡ್ಡಿ ಎಂಬುದು ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ಥರ. ಆಂಡ್ರಾಯ್ಡ್ ಫೋನಿನಲ್ಲಿ ಅಬೌಟ್ ಫೋನ್ ಎಂಬಲ್ಲಿ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಸ್ಟ್ರೆಂತ್ ಎಂದು ಮೈನಸ್ ಸಂಖ್ಯೆಯೊಂದು ಡಿಬಿಎಂ ಲೆಕ್ಕದಲ್ಲಿ ಕಾಣುತ್ತದೆ. 4ಜಿಯಲ್ಲಿ ಅದು ಮೈನಸ್ 90ರ ಆಸುಪಾಸು ಇದ್ದರೆ ಚೆನ್ನಾಗಿದೆ, ಮೈನಸ್ 105ರವರೆಗೂ ಕೆಲಸ ನಡೆಯುತ್ತದೆ, ಮೈನಸ್ 115 ದಾಟಿದರೆ ಒದ್ದಾಟ, ಮೈನಸ್ 120ರಲ್ಲಿ ಹೆಚ್ಚುಕಡಿಮೆ ಸತ್ತಂತೆ. ಇಲ್ಲಿ ಒಂದೊಂದು ಹತ್ತಕ್ಕೂ ಶಕ್ತಿ ಹತ್ತು ಪಟ್ಟು ಬದಲಾಗುತ್ತದೆ. ಅಂದರೆ ಮನೆಯ ಹಾಲ್‌ನಲ್ಲಿ ಮೈನಸ್ 115, ಅಟ್ಟದ ಕಿಟಕಿಯಲ್ಲಿ ಮೈನಸ್ 95 ಇದ್ದರೆ ಆ ಕಿಟಕಿಗೆ ನೂರು ಪಟ್ಟು ಹೆಚ್ಚು ಸಿಗ್ನಲ್ ಬರುತ್ತಿದೆ. ಯಾವ ಬೂಸ್ಟರೂ ಬೇಡ, ಸಾಧನವನ್ನು ಅಲ್ಲಿಟ್ಟರೆ ಸಾಕು.

ಜಗಲಿ, ಅಟ್ಟ, ಹೋಂಸ್ಟೇ ರೂಮು, ನೀರಿನ ಟ್ಯಾಂಕಿನ ಪಕ್ಕ, ಹೀಗೆ ಐದಾರು ಕಡೆ ಫೋನು ಹಿಡಿದು ಒಂದೊಂದು ನಿಮಿಷ ನಿಂತು ಸಂಖ್ಯೆ ಬರೆದುಕೊಳ್ಳಿ. ತಗಡಿನ ಶೀಟ್ ಹೊದೆಸಿದ ಭಾಗದಲ್ಲಿ ಸಿಗ್ನಲ್ ತೀರಾ ಕುಸಿದಿರುತ್ತದೆ, ಲೋಹ ಅದನ್ನು ತಡೆಯುತ್ತದೆ. ಮಂಗಳೂರು ಹಂಚಿನ ಕೆಳಗೆ ಅಷ್ಟು ಕೆಡುವುದಿಲ್ಲ. ಅಕ್ಕಪಕ್ಕದವರ ಬೇರೆ ಕಂಪನಿಯ ಸಿಮ್‌ಗಳನ್ನೂ ಅದೇ ಜಾಗಗಳಲ್ಲಿ ನೋಡಿ. ವೇಗವನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಎಂಟರ ಹೊತ್ತಿಗೆ ಒಮ್ಮೆ ಅಳೆಯಿರಿ. ಸಿಗ್ನಲ್ ಚೆನ್ನಾಗಿದ್ದೂ ರಾತ್ರಿ ಮಾತ್ರ ನಿಧಾನವಾದರೆ ಆ ಟವರಿನ ಮೇಲೆ ಜನ ಹೆಚ್ಚು ಎಂದರ್ಥ. ಅದಕ್ಕೆ ನಿಮ್ಮ ಮನೆಯಲ್ಲಿ ಏನು ತಂದಿಟ್ಟರೂ ಪರಿಹಾರವಿಲ್ಲ, ಕಂಪನಿ ಬದಲಿಸಬೇಕಷ್ಟೆ.

ಬೆಟ್ಟಗುಡ್ಡದ ಊರಿನಲ್ಲಿ ತರಂಗಾಂತರದ ಮಾತು ಮುಖ್ಯ. 700, 850, 900 ಮೆಗಾಹರ್ಟ್ಸ್‌ನ ಅಲೆಗಳು ದೂರ ಹೋಗುತ್ತವೆ, ಮರಗಿಡ ಗೋಡೆಗಳನ್ನೂ ಒಂದಿಷ್ಟು ದಾಟುತ್ತವೆ. 2300 ಮೆಗಾಹರ್ಟ್ಸ್ ವೇಗ ಕೊಡುತ್ತದೆ, ಆದರೆ ಸಿಲ್ವರ್ ಓಕ್ ಸಾಲಿನ ಆಚೆಗೆ ಸೊರಗುತ್ತದೆ. ಜಿಯೋ 4ಜಿಗೆ 850, 1800, 2300 ಬಳಸುತ್ತದೆ. ಬಿಎಸ್‌ಎನ್‌ಎಲ್‌ನ ಹೊಸ 4ಜಿ 700 ಮತ್ತು 2100ರಲ್ಲಿದೆ. ಹಳ್ಳಿಗಾಡಿನಲ್ಲಿ ಎದ್ದಿರುವ ಬಿಎಸ್‌ಎನ್‌ಎಲ್ ಟವರುಗಳಿಂದ ನಮ್ಮ ಮಲೆನಾಡಿಗೆ ಅನುಕೂಲವಾಗುವುದು ಈ 700ರಿಂದಲೇ. ಆದರೆ ಅದಕ್ಕೆ ಸಾಧನದಲ್ಲಿ ಬ್ಯಾಂಡ್ 28 ಇರಬೇಕು. ಅಗ್ಗದ ಹಳೇ ಹಾಟ್‌ಸ್ಪಾಟುಗಳಲ್ಲಿ ಬಹಳಷ್ಟಕ್ಕೆ ಇರುವುದಿಲ್ಲ. ಅಂಗಡಿಯಲ್ಲಿ ಪೆಟ್ಟಿಗೆಯ ಹಿಂಬದಿ ಓದಿ: ಬ್ಯಾಂಡ್ 5, 8, 28 ಬರೆದಿದೆಯೇ ನೋಡಿ. ಮತ್ತೊಂದು ಮಾತು, ಟೆಲಿಕಾಂ ಕಂಪನಿಗಳೇ ತಮ್ಮ ಹೆಸರಿನಲ್ಲಿ ಮಾರುವ ಸಾಧನ ಸಾಮಾನ್ಯವಾಗಿ ಅದೇ ಕಂಪನಿಯ ಸಿಮ್ಮಿಗೆ ಲಾಕ್ ಆಗಿರುತ್ತದೆ. ನಿಮ್ಮಂಥ ಜಾಗದಲ್ಲಿ ಯಾವ ಸಿಮ್ ಬೇಕಾದರೂ ಹಿಡಿಯುವ ಅನ್‌ಲಾಕ್ಡ್ ಸಾಧನ ಬಿಟ್ಟು ಬೇರೆಯದನ್ನು ನಾನು ಹಾಕಿಸುವುದಿಲ್ಲ.

ಮಳೆ ಬಂದರೆ ಸಿಗ್ನಲ್ ಹೋಗುತ್ತದೆ ಎಂಬುದು ಅರ್ಧ ನಿಜ. ಫೋನಿಗೂ ಟವರಿಗೂ ನಡುವಿನ ಅಲೆಗೆ ಮಳೆಹನಿ ಹೆಚ್ಚೇನೂ ಮಾಡುವುದಿಲ್ಲ. ಒದ್ದೆ ಎಲೆಗಳು ಸ್ವಲ್ಪ ಹೀರುತ್ತವೆ. ನಿಜವಾಗಿ ಕೈಕೊಡುವುದು ಟವರಿನ ಹಿಂದಿನ ವ್ಯವಸ್ಥೆ. ಮರ ಬಿದ್ದು ಕರೆಂಟ್ ಹೋಗುತ್ತದೆ, ಟವರಿನ ಬ್ಯಾಟರಿ ಇಳಿಯುತ್ತದೆ, ಡೀಸೆಲ್ ತರುವ ದಾರಿಯಲ್ಲೇ ಗುಡ್ಡ ಜರಿದಿರುತ್ತದೆ. ಎಷ್ಟೋ ಟವರುಗಳು ಒಂದಕ್ಕೊಂದು ಮೈಕ್ರೋವೇವ್ ಡಿಶ್ಶಿನಿಂದ ಜೋಡಣೆಯಾಗಿರುತ್ತವೆ. 10 ಗಿಗಾಹರ್ಟ್ಸ್‌ಗಿಂತ ಮೇಲಿನ ಆ ಅಲೆಗಳನ್ನು ಪುಷ್ಯ ಮಳೆಯಂಥ ಜಡಿಮಳೆ ಕಡಿದುಹಾಕಬಲ್ಲದು. ಆದ್ದರಿಂದ ಆಷಾಢದಲ್ಲಿ ಫೋನಿನಲ್ಲಿ ಕಡ್ಡಿ ತುಂಬಿದ್ದೂ ನೆಟ್ ಬಾರದಿದ್ದರೆ ದೋಷ ನಿಮ್ಮ ಸಾಧನದ್ದಲ್ಲ. ಅದಕ್ಕೆ ಉಪಾಯವೆಂದರೆ ಬೇರೆ ಟವರಿನಿಂದ ಸಿಗ್ನಲ್ ಬರುವ ಇನ್ನೊಂದು ಕಂಪನಿಯ ಸಿಮ್ ಮನೆಯಲ್ಲಿ ಇಟ್ಟುಕೊಳ್ಳುವುದು. ಆದರೆ ಒಂದೇ ಟವರಿನ ಮೇಲೆ ಎರಡು ಕಂಪನಿಯ ಉಪಕರಣ ಇರುವುದೂ ಸಾಮಾನ್ಯ. ಟವರ್ ಯಾವ ದಿಕ್ಕಿನದು, ಯಾರ್ಯಾರದು ಎಂದು ಊರಿನಲ್ಲೇ ವಿಚಾರಿಸಿ.

ಬೂಸ್ಟರ್ ಬೇಡವೇ ಬೇಡ. ಸಿಗ್ನಲ್ ಹಿಡಿದು ಮತ್ತೆ ಪ್ರಸಾರ ಮಾಡುವ ರಿಪೀಟರನ್ನು ಸರ್ಕಾರದ ಅನುಮತಿಯಿಲ್ಲದೆ ಖಾಸಗಿಯವರು ಇಟ್ಟುಕೊಳ್ಳುವುದು ನಮ್ಮ ದೇಶದಲ್ಲಿ ಅಪರಾಧ. ಆನ್‌ಲೈನಿನಲ್ಲಿ ರಾಜಾರೋಷವಾಗಿ ಮಾರುತ್ತಾರೆ ಎಂಬುದರಿಂದ ಅದು ಕಾನೂನುಬದ್ಧವಾಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಂಥ ಒಂದು ಪೆಟ್ಟಿಗೆ ಸುತ್ತಲಿನ ಊರುಗಳ ಕರೆಗಳನ್ನೇ ಕೆಡಿಸಬಲ್ಲದು. ರೂಟರಿಗೆ ಕೇಬಲಿನಿಂದ ಜೋಡಿಸುವ ಹೊರಾಂಗಣ ಆಂಟೆನಾ ಬೇರೆ, ಅದಕ್ಕೆ ತೊಂದರೆಯಿಲ್ಲ.

ಇನ್ನು ಬ್ಯಾಟರಿ. ಪಾಕೆಟ್ ವೈಫೈಯನ್ನು ಹಗಲೂ ರಾತ್ರಿ ಚಾರ್ಜಿಗೆ ಹಾಕಿಟ್ಟರೆ ಅದರ ಲಿಥಿಯಂ ಬ್ಯಾಟರಿ ಉಬ್ಬಿಕೊಳ್ಳುತ್ತದೆ. ರಿಪೇರಿಗೆ ಬರುವ ಸಾಧನಗಳಲ್ಲಿ ಹಿಂಬದಿಯ ಮುಚ್ಚಳ ಎದ್ದು ನಿಂತಿರುವುದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಉಬ್ಬಿದ ಬ್ಯಾಟರಿಯನ್ನು ಒತ್ತಿ ಮುಚ್ಚುವ ಪ್ರಯತ್ನ ಮಾಡಲೇಬೇಡಿ, ಬೆಂಕಿ ಹೊತ್ತಬಹುದು. ಒಂದೇ ಜಾಗದಲ್ಲಿ ಕಾಯಂ ಇಡುವುದಾದರೆ ನನ್ನ ಸಲಹೆ ಪಾಕೆಟ್ ಸಾಧನವಲ್ಲ, ಸಿಮ್ ಹಾಕುವ, ಬ್ಯಾಟರಿಯಿಲ್ಲದ 4ಜಿ ರೂಟರ್. ಜೊತೆಗೆ ರೂಟರಿಗೆಂದೇ ಬರುವ 12 ವೋಲ್ಟಿನ ಸಣ್ಣ ಯುಪಿಎಸ್. ಮೆಸ್ಕಾಂ ಕರೆಂಟ್ ಹೋದರೂ ಒಂದಷ್ಟು ಗಂಟೆ ಎಳೆಯುತ್ತದೆ. ತೋಟದಲ್ಲಿ, ಕಾರಿನಲ್ಲಿ, ಊರಿಂದೂರಿಗೆ ಒಯ್ಯುವವರಿಗೆ ಪಾಕೆಟ್ ಸಾಧನ ಸರಿ.

ಅಳತೆಯಲ್ಲಿ ನೀರಿನ ಟ್ಯಾಂಕಿನ ಹತ್ತಿರ ಮಾತ್ರ ಸಿಗ್ನಲ್ ಸಿಕ್ಕಿದರೆ ಹೊರಾಂಗಣ 4ಜಿ ರೂಟರ್ ಇದೆ. ಒಂದೇ ಈಥರ್ನೆಟ್ ಕೇಬಲಿನಲ್ಲಿ ಕರೆಂಟೂ ಡೇಟಾವೂ ಹೋಗುತ್ತವೆ, 100 ಮೀಟರ್‌ವರೆಗೆ ಎಳೆಯಬಹುದು. ಅಪಾಯ ಇರುವುದು ಸಿಡಿಲಿನದು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಆ ಕೇಬಲಿನ ಮೂಲಕವೇ ಕಂಪ್ಯೂಟರ್ ಸುಟ್ಟುಹೋಗುತ್ತದೆ. ಸರ್ಜ್ ಪ್ರೊಟೆಕ್ಟರ್ ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಅದನ್ನು ಹಾಕಿಸಬೇಡಿ. ಇದ್ದರೂ ಗುಡುಗು ಶುರುವಾದಾಗ ಪ್ಲಗ್ ಕೀಳುವುದು ಒಳ್ಳೆಯದು.

ಸಾಧನಕ್ಕೆ ಯಾವ ಸಿಮ್ ಹಾಕುತ್ತೀರಿ ಎಂಬುದೂ ಯೋಚಿಸಬೇಕಾದ್ದು. ಬ್ಯಾಂಕಿಗೆ, ಆಧಾರಿಗೆ ಕೊಟ್ಟ ನಂಬರನ್ನು ಹಾಕಿದರೆ ಒಟಿಪಿ ಆ ಪೆಟ್ಟಿಗೆಯೊಳಗೆ ಹೋಗಿ ಕೂರುತ್ತದೆ. ಬ್ರೌಸರಿನಲ್ಲಿ ಅದರ ವಿಳಾಸ, ಸಾಮಾನ್ಯವಾಗಿ 192.168.1.1, ತೆರೆದು ಓದಬೇಕಾಗುತ್ತದೆ. ಬೇರೆಯದೇ ಸಿಮ್ ಹಾಕಿ, ಸ್ಟಿಕ್ಕರಿನ ಮೇಲಿನ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ. ಹೋಂಸ್ಟೇ ಅತಿಥಿಗಳಿಗೆ ಗೆಸ್ಟ್ ನೆಟ್‌ವರ್ಕ್ ಪ್ರತ್ಯೇಕ ಮಾಡಿಕೊಡಿ. ಸಿಮ್ ನಿಮ್ಮ ಹೆಸರಿನಲ್ಲಿದೆ, ಅದರ ಮೇಲೆ ಯಾರು ಏನು ಮಾಡಿದರೂ ಮೊದಲು ವಿಚಾರಣೆ ಬರುವುದು ನಿಮ್ಮ ಬಾಗಿಲಿಗೆ.

ಈಗ ಸಾಫ್ಟ್‌ವೇರ್. ನಿಮ್ಮ ದೊಡ್ಡ ಭಯವನ್ನು ಮೊದಲು ಕಳೆಯುತ್ತೇನೆ. ಬಾಡಿಗೆ ನಿಂತರೆ ನೀವು ಬರೆದ ಲೆಕ್ಕ ಅಳಿಸಿಹೋಗುವುದಿಲ್ಲ. ಫೈಲು ನಿಮ್ಮ ಕಂಪ್ಯೂಟರಿನಲ್ಲಿದ್ದರೆ ಅದು ನಿಮ್ಮದೇ. ಹೋಗುವುದು ಅದನ್ನು ತಿದ್ದುವ ಅನುಕೂಲ. ಆಫೀಸಿನ ಚಂದಾ ರೂಪವಾದ ಮೈಕ್ರೋಸಾಫ್ಟ್ 365ರ ಅವಧಿ ಮುಗಿದರೆ ವರ್ಡ್, ಎಕ್ಸೆಲ್ ಫೈಲುಗಳನ್ನು ತೆರೆದು ನೋಡಬಹುದು, ಪ್ರಿಂಟ್ ತೆಗೆಯಬಹುದು, ತಿದ್ದಲಾಗದು. ನಿಮಗೆ ಇನ್ನೂ ಮುಖ್ಯವಾದದ್ದು, ದುಡ್ಡು ಕಟ್ಟಿದ್ದರೂ ಅದು ಸರಿಸುಮಾರು ತಿಂಗಳಿಗೊಮ್ಮೆ ನೆಟ್‌ಗೆ ಬಂದು ಚಂದಾ ಖಾತ್ರಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಅದೇ ಸ್ಥಿತಿಗೆ ಇಳಿಯುತ್ತದೆ. ಒಂದು ವಾರ ನೆಟ್ ಇಲ್ಲದಿದ್ದರೆ ಏನೂ ಆಗದು. ಫೋನನ್ನು ಹತ್ತು ನಿಮಿಷ ಹಾಟ್‌ಸ್ಪಾಟ್ ಮಾಡಿದರೂ ಖಾತ್ರಿಯ ಕೆಲಸ ಮುಗಿಯುತ್ತದೆ. ಆದರೆ ಫೈಲುಗಳು ಒನ್‌ಡ್ರೈವ್ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಮಾತ್ರ ಇದ್ದು ಕಂಪ್ಯೂಟರಿನಲ್ಲಿ ಪ್ರತಿ ಇಲ್ಲದಿದ್ದರೆ, ಶನಿವಾರ ಬಟವಾಡೆಯ ಹೊತ್ತಿಗೆ ಚೆಕ್‌ರೋಲು ತೆರೆಯದೇ ಆಳುಗಳು ಕಾಯುತ್ತ ನಿಲ್ಲುವ ಪರಿಸ್ಥಿತಿ ಖಂಡಿತ ಬರುತ್ತದೆ.

ಚಂದಾ ಸಾಫ್ಟ್‌ವೇರಿಗೂ ನಿಮ್ಮ ದಿನದ ಡೇಟಾಕ್ಕೂ ಒಂದು ನಂಟಿದೆ, ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಅಪ್‌ಡೇಟುಗಳು ತಾನಾಗಿಯೇ ಇಳಿಯುತ್ತವೆ, ಕ್ಲೌಡ್ ಸಿಂಕ್ (ಫೈಲುಗಳನ್ನು ಆನ್‌ಲೈನ್ ಪ್ರತಿಯ ಜೊತೆ ಹೊಂದಿಸುವುದು) ಹಿನ್ನೆಲೆಯಲ್ಲಿ ನಡೆಯುತ್ತಲೇ ಇರುತ್ತದೆ. ದಿನಕ್ಕೆ ಒಂದೂವರೆ, ಎರಡು ಜಿಬಿಯ ಪ್ಯಾಕು ಮಧ್ಯಾಹ್ನದೊಳಗೆ ಖಾಲಿಯಾಗಿ ವೇಗ 64 ಕೆಬಿಪಿಎಸ್‌ಗೆ ಇಳಿದರೆ ಜಿಎಸ್‌ಟಿ ಪೋರ್ಟಲ್ ತೆರೆಯುವುದೂ ಕಷ್ಟ. ವಿಂಡೋಸಿನ ವೈಫೈ ಸೆಟ್ಟಿಂಗಿನಲ್ಲಿ ಮೀಟರ್ಡ್ ಕನೆಕ್ಷನ್ ಎಂಬುದನ್ನು ಆನ್ ಮಾಡಿ. ದೊಡ್ಡ ಡೌನ್‌ಲೋಡುಗಳು ಬಹುಮಟ್ಟಿಗೆ ನಿಲ್ಲುತ್ತವೆ. ನಂತರ ಪೇಟೆಗೆ ಲ್ಯಾಪ್‌ಟಾಪ್ ಒಯ್ದಾಗ ಅಪ್‌ಡೇಟ್ ಮಾಡಿಕೊಳ್ಳಿ, ಪೂರ್ತಿ ಬಿಟ್ಟುಬಿಡಬೇಡಿ.

ಸ್ವಂತಕ್ಕೆ ಕೊಳ್ಳುವುದು ಎಂದರೂ ಪೂರ್ತಿ ಸ್ವಂತವಲ್ಲ. ಸಿಗುವುದು ಆ ಆವೃತ್ತಿಯನ್ನು ಒಂದು ಕಂಪ್ಯೂಟರಿನಲ್ಲಿ ಬಳಸುವ ಕಾಯಂ ಪರವಾನಗಿ. ಅದಕ್ಕೆ ಭದ್ರತಾ ಅಪ್‌ಡೇಟ್ ಬರುವ ಕಾಲ ಸೀಮಿತ. ನಿಮ್ಮ ಆಫೀಸ್ 2016ಕ್ಕೂ ವಿಂಡೋಸ್ 10ಕ್ಕೂ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅವು ನಾಳೆಯೂ ಓಡುತ್ತವೆ, ಆದರೆ ಹೊಸ ವೈರಸ್ಸುಗಳಿಗೆ ಬಾಗಿಲು ತೆರೆದೇ ಇರುತ್ತದೆ. ಬ್ಯಾಂಕ್ ವ್ಯವಹಾರ ಮಾಡುವ ಯಂತ್ರದಲ್ಲಿ ಅದು ಸರಿಯಲ್ಲ. ವಿಂಡೋಸ್ 10ಕ್ಕೆ ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಕೊಡುವ ವ್ಯವಸ್ಥೆ ಇದೆ. ವಿಂಡೋಸ್ 11ಕ್ಕೆ ಹೋಗಲು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ನಿಮ್ಮ ಯಂತ್ರಕ್ಕೆ ಅದಿಲ್ಲದಿದ್ದರೆ ಸಾಫ್ಟ್‌ವೇರಿಗೆ ಹಾಕುವ ಹಣವನ್ನು ತಡೆದು ಮೊದಲು ಯಂತ್ರ ಬದಲಿಸಿ.

ಆಫೀಸನ್ನು ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವ ದಾರಿ ಮುಚ್ಚಿಲ್ಲ. ಆಫೀಸ್ ಹೋಮ್ 2024ರಲ್ಲಿ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್, ಒನ್‌ನೋಟ್ ಇವೆ, 2029ರ ಅಕ್ಟೋಬರ್ ತನಕ ಬೆಂಬಲವಿದೆ. ಹಾಕಿಸಿಕೊಳ್ಳುವಾಗ ನೆಟ್ ಬೇಕು, ಆಮೇಲೆ ತಿಂಗಳ ಖಾತ್ರಿಯ ಕಾಟವಿಲ್ಲ. ಒಬ್ಬರೇ, ಒಂದೇ ಯಂತ್ರದಲ್ಲಿ ಬಳಸುವ ನಿಮಗೆ ನಾನು ಇದನ್ನೇ ಹೇಳುತ್ತೇನೆ. ಮನೆಯಲ್ಲಿ ನಾಲ್ಕೈದು ಜನ ಬಳಸುವವರಿದ್ದು, ಕ್ಲೌಡ್ ಜಾಗವೂ ಬೇಕಿದ್ದರೆ ಆಗ ಅಣ್ಣನ ಮಗ ಹೇಳಿದ ಚಂದಾ ಲೆಕ್ಕಕ್ಕೆ ಬರುತ್ತದೆ.

ದುಡ್ಡೇ ಬೇಡದ, ಆಫೀಸಿನಂಥದೇ ಆದ ಲಿಬ್ರೆಆಫೀಸ್ ಕೂಡ ನಿಮ್ಮ ಚೆಕ್‌ರೋಲಿಗೆ ಸಾಕು. ಬದಲಿಸುವ ಮುನ್ನ ಒಂದು ವಿಷಯ ನೋಡಿಕೊಳ್ಳಿ. ಆಳುಗಳ ಹೆಸರನ್ನು ಹಳೇ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದರೆ, ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ, ಫೋನಿನಲ್ಲಿ, ಗೂಗಲ್ ಶೀಟ್ಸ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಗೊಂದಲ ಕಾಣುತ್ತದೆ. ಫೈಲು ಕೆಟ್ಟಿತೆಂದು ಗಾಬರಿಯಾಗಬೇಡಿ, ಎಲ್ಲ ಸಾಧನಗಳೂ ಓದುವ ಯೂನಿಕೋಡ್‌ಗೆ ಪರಿವರ್ತಿಸಿದರೆ ಸರಿಹೋಗುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲೇ ಪರಿವರ್ತಕ ಇದೆ. ಮೂಲ ಫೈಲಿನ ಪ್ರತಿಯನ್ನು ಉಳಿಸಿಕೊಂಡು ಮಾಡಿ.

ಐನೂರು ರೂಪಾಯಿಯ ಜೀವಮಾನದ ಆಫೀಸನ್ನು ಮುಟ್ಟಬೇಡಿ. ಅಂಥ ಕೀಗಳು ಬಹುಪಾಲು ಯಾವುದೋ ಸಂಸ್ಥೆಗೆ ಸಗಟಿನಲ್ಲಿ ಕೊಟ್ಟ ಪರವಾನಗಿಯಿಂದ ಸೋರಿದವು. ಕಂಪನಿ ಗುರುತಿಸಿದ ದಿನ ರದ್ದಾಗುತ್ತವೆ. ಕೀ ಜೊತೆಗೆ ಆ್ಯಕ್ಟಿವೇಟರ್ ಎಂದು ಒಂದು ಪ್ರೋಗ್ರಾಮ್ ಕಳಿಸಿ, ಆ್ಯಂಟಿವೈರಸ್ ಆಫ್ ಮಾಡಿ ಎಂದರೆ ಅಲ್ಲಿಗೇ ನಿಲ್ಲಿಸಿ. ನಿಮ್ಮ ಬ್ಯಾಂಕ್ ಪಾಸ್‌ವರ್ಡು ಇರುವ ಯಂತ್ರವದು.

ಟ್ಯಾಲಿ ಬೇರೆಯೇ ಥರ. ನಮ್ಮ ಬೆಂಗಳೂರಿನ ಈ ಕಂಪನಿ ಕಾಯಂ ಪರವಾನಗಿಯನ್ನೂ ಮಾರುತ್ತದೆ, ಬಾಡಿಗೆಗೂ ಕೊಡುತ್ತದೆ. ಒಬ್ಬರು ಬಳಸುವ ಸಿಲ್ವರ್ ಆವೃತ್ತಿಗೆ ನಾನು ಕಂಡಂತೆ ಕಾಯಂ ಬೆಲೆ ₹22,500, ಬಾಡಿಗೆ ತಿಂಗಳಿಗೆ ₹750, ಎರಡಕ್ಕೂ ಮೇಲೆ ಶೇ 18 ಜಿಎಸ್‌ಟಿ. ಕೊಳ್ಳುವ ದಿನದ ದರ ಕೇಳಿಕೊಳ್ಳಿ, ಆದರೆ ಲೆಕ್ಕದ ರೀತಿ ಇದೇ: 30 ತಿಂಗಳ ಬಾಡಿಗೆಗೆ ಕಾಯಂ ಬೆಲೆ ಬಂದುಬಿಡುತ್ತದೆ. ಕಾಯಂ ತೆಗೆದುಕೊಂಡವರು ಮೊದಲ ವರ್ಷದ ನಂತರ ಟಿಎಸ್‌ಎಸ್ ಎಂಬ ವಾರ್ಷಿಕ ಸೇವೆ ನವೀಕರಿಸಿದರೆ ಹೊಸ ಆವೃತ್ತಿ, ಜಿಎಸ್‌ಟಿ ಜೋಡಣೆ ಸಿಗುತ್ತವೆ. ನವೀಕರಿಸದಿದ್ದರೆ ಹಳೇ ಆವೃತ್ತಿಯಲ್ಲಿ ಎಂಟ್ರಿ ಮಾಡುತ್ತ ಹೋಗಬಹುದು. ಬಾಡಿಗೆ ನಿಂತರೆ ಮಾತ್ರ ಪ್ರೋಗ್ರಾಮು ಕಲಿಯುವವರಿಗೆಂದು ಇರುವ ಎಜುಕೇಶನಲ್ ಮೋಡ್‌ಗೆ ಇಳಿಯುತ್ತದೆ. ಅಲ್ಲಿ ತಿಂಗಳ ಕೆಲವೇ ದಿನಾಂಕಗಳಲ್ಲಷ್ಟೇ ಎಂಟ್ರಿಗೆ ಅವಕಾಶ.

ಇಷ್ಟೆಲ್ಲ ಹೇಳಿದ ಮೇಲೂ, ನಿಮಗೆ ಟ್ಯಾಲಿ ಬೇಕೇ ಎಂದು ಆಡಿಟರನ್ನು ನೇರವಾಗಿ ಕೇಳಿ. ಎರಡು ರೂಮಿನ ಬಿಲ್ಲು, ತೋಟದ ಖರ್ಚುವೆಚ್ಚ ಎಕ್ಸೆಲಿನಲ್ಲಿ ಅಚ್ಚುಕಟ್ಟಾಗಿ ಬರೆದುಕೊಟ್ಟರೆ ಸಾಕೆಂದು ಅವರೇ ಒಪ್ಪಬಹುದು. ಬೇಕೇ ಬೇಕು ಎಂದರೆ ಮೂರು ನಾಲ್ಕು ತಿಂಗಳು ಬಾಡಿಗೆಗೆ ಹಾಕಿ ನೋಡಿ. ಬಾಡಿಗೆಯ ನಿಜವಾದ ಉಪಯೋಗ ಅದೇ, ಕೈಗೆ ಹತ್ತುತ್ತದೆಯೇ ಎಂದು ತಿಳಿಯುವುದಕ್ಕೆ. ಹತ್ತಿದರೆ ಕಾಯಂ ತೆಗೆದುಕೊಳ್ಳಿ. ಆಡಿಟರ್ ಯಾವ ಆವೃತ್ತಿ ಬಳಸುತ್ತಾರೆಂದೂ ಕೇಳಿ. ಹೊಸದರಲ್ಲಿ ಬರೆದ ಡೇಟಾ ಅವರ ಹಳೆಯದರಲ್ಲಿ ತೆರೆಯದೇ ಹೋಗುವುದುಂಟು.

ಸ್ವಂತವೋ ಬಾಡಿಗೆಯೋ, ಪ್ರತಿ ಬಟವಾಡೆ ಮುಗಿದ ಮೇಲೆ ಬ್ಯಾಕಪ್ ತೆಗೆಯಿರಿ. ಟ್ಯಾಲಿಯ ಈಗಿನ ಆವೃತ್ತಿಯಾದ ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿದರೆ ಡೇಟಾ ಪಟ್ಟಿ ಬರುತ್ತದೆ, ಅದರಲ್ಲಿ ಬ್ಯಾಕಪ್ ಇದೆ. ಎಕ್ಸೆಲ್ ಫೈಲುಗಳನ್ನೂ ಸೇರಿಸಿ ಎರಡು ಪೆನ್‌ಡ್ರೈವಿಗೆ ಒಂದು ವಾರ ಒಂದಕ್ಕೆ, ಮುಂದಿನ ವಾರ ಇನ್ನೊಂದಕ್ಕೆ ಹಾಕಿ. ಮಲೆನಾಡಿನ ತೇವಕ್ಕೆ ಪೆನ್‌ಡ್ರೈವಿನ ತುದಿ ಕಿಲುಬು ಹಿಡಿಯುತ್ತದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ತಿಂಗಳಿಗೊಮ್ಮೆ ಆ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ.

ಖರ್ಚಿನ ಕ್ರಮ ಕೇಳಿದರೆ, ಈ ವಾರ ವೋಲ್ಟಿ ಮತ್ತು ಸಿಗ್ನಲ್ ಅಳತೆ, ಇದಕ್ಕೆ ದುಡ್ಡು ಬೇಡ. ಜೊತೆಗೆ ನಿಮ್ಮ ಗ್ರಾಮ ಪಂಚಾಯ್ತಿಗೆ ಭಾರತ್‌ನೆಟ್ (ಪಂಚಾಯ್ತಿಗಳಿಗೆ ಇಂಟರ್ನೆಟ್ ತಲುಪಿಸುವ ಸರ್ಕಾರಿ ಯೋಜನೆ) ಫೈಬರ್ ಬಂದಿದೆಯೇ, ಅಲ್ಲಿಂದ ನಿಮ್ಮ ಮನೆಯ ಕಡೆಗೆ ಎಳೆಯುವವರಿದ್ದಾರೆಯೇ ಎಂದು ಬಿಎಸ್‌ಎನ್‌ಎಲ್ ಕಚೇರಿಯಲ್ಲೂ ಊರಿನ ಕೇಬಲ್‌ನವರಲ್ಲೂ ವಿಚಾರಿಸಿ. ಹೋಂಸ್ಟೇಗೆ ಬರುವವರು ಲ್ಯಾಪ್‌ಟಾಪ್ ತಂದು ವೀಡಿಯೊ ಮೀಟಿಂಗಿಗೆ ಕೂತರೆ ಗಂಟೆಗೆ ಸುಮಾರು 1 ಜಿಬಿ ಹೋಗುತ್ತದೆ, ಅದನ್ನು ಸಿಮ್ಮಿನ ಮೇಲೆ ತೂಗಿಸಲಾಗದು. ಫೈಬರ್ ಸಿಕ್ಕಿದರೆ ಅದೇ ಮುಖ್ಯ ಸಂಪರ್ಕವಾಗಲಿ. 4ಜಿ ರೂಟರನ್ನು ಮರ ಬಿದ್ದು ಫೈಬರ್ ತುಂಡಾಗುವ ದಿನಗಳಿಗೆ ಇಟ್ಟುಕೊಳ್ಳಿ, ಅದರ ಸಿಮ್ಮಿಗೆ ಜೂನ್ ಶುರುವಾಗುವ ಮೊದಲು ರೀಚಾರ್ಜ್ ಮಾಡಿಸಿ.